ಪಾಯ ಕೂತ ಬಾಗಿಲು: ಲ್ಯೂಬೆಕ್‌ನ ಹೋಲ್ಸ್ಟೆನ್‌ಟೋರ್ ಯಾಕೆ ವಾಲಿದೆ?

ಪ್ರಶ್ನೆ: ನಾನು ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕೆಲಸದಲ್ಲಿದ್ದೇನೆ. ಊರಿಂದ ಬಂದ ಅಪ್ಪ ಅಮ್ಮನನ್ನು ಲ್ಯೂಬೆಕ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿನ ಹಳೇ ಊರಬಾಗಿಲು ಹೋಲ್ಸ್ಟೆನ್‌ಟೋರ್ ಮುಂದೆ ನಿಂತ ತಕ್ಷಣ ಅಪ್ಪ, "ಗೋಡೆ ತೂಕಕ್ಕಿಲ್ಲ, ಪಾಯ ಕೂತಿದೆ" ಎಂದರು. ಅಂದರೆ ಗೋಡೆ ನೆಟ್ಟಗಿಲ್ಲ, ಅಡಿಪಾಯ ಕೆಳಗೆ ಇಳಿದಿದೆ ಎಂದು. ಅವರು ಗಾರೆ ಮೇಸ್ತ್ರಿ, ನಲವತ್ತು ವರ್ಷ ಅದೇ ಕೆಲಸ ಮಾಡಿದವರು. ನನ್ನ ಜೊತೆ ಕೆಲಸ ಮಾಡುವವರು ಮಹಾಯುದ್ಧದ ಬಾಂಬಿನಿಂದ ಹಾಗಾಗಿದೆ ಅನ್ನುತ್ತಾರೆ. ಯಾವುದು ನಿಜ? ಮೇಲೆ ‘ಎಸ್.ಪಿ.ಕ್ಯೂ.ಎಲ್.’ ಎಂದು ಬರೆದಿದೆ. ಅದು ರೋಮನ್ನರ ಕಾಲದ್ದಾ? ಸುತ್ತ ಕೋಟೆ ಗೋಡೆಯೇ ಇಲ್ಲ, ಬಾಗಿಲು ಮಾತ್ರ ಯಾಕೆ ಉಳಿದಿದೆ?

ಉತ್ತರ: ನಿಮ್ಮ ಅಪ್ಪ ಹೇಳಿದ್ದೇ ಸರಿ. ಪಾಯ ಕೂತಿದೆ. ಅದೂ ಕಟ್ಟುವಾಗಲೇ ಕೂತಿದೆ. ಐನೂರೈವತ್ತು ವರ್ಷದ ಹಿಂದೆ ಅಲ್ಲಿ ಇಟ್ಟಿಗೆ ಇಡುತ್ತಿದ್ದವರೂ ಇದನ್ನು ನೋಡಿದ್ದರು, ಸರಿಮಾಡಲು ಪ್ರಯತ್ನವನ್ನೂ ಮಾಡಿದ್ದರು. ನಿಮ್ಮ ಪ್ರಶ್ನೆ ಓದಿ ನನಗೆ ತುಂಬಾ ಖುಷಿಯಾಯಿತು. ಹಳೇ ಕಟ್ಟಡಗಳ ಕೆಲಸದಲ್ಲಿ ಇದ್ದವನಾಗಿ ಹೇಳುತ್ತೇನೆ, ಗೋಡೆಯ ಮುಂದೆ ನಿಂತಾಗ ಮೊದಲು ಕೇಳಬೇಕಾದದ್ದು ಮೇಸ್ತ್ರಿಯ ಮಾತು. ಫಲಕದಲ್ಲಿ ಬರೆದ ಇಸವಿಗಳನ್ನು ಆಮೇಲೆ ಓದಿದರೂ ನಡೆಯುತ್ತದೆ.

ಬಾಂಬಿನ ವಿಷಯ ಮೊದಲು ಮುಗಿಸಿಬಿಡೋಣ. 1942ರ ಮಾರ್ಚ್ 28ರ ರಾತ್ರಿ ಬ್ರಿಟಿಷ್ ವಿಮಾನಗಳು ಲ್ಯೂಬೆಕ್ ಮೇಲೆ ಬಾಂಬ್ ಹಾಕಿದ್ದು ನಿಜ. ಹಳೇ ಊರಿನ ದೊಡ್ಡ ಭಾಗ ಸುಟ್ಟುಹೋಯಿತು. ಸೇಂಟ್ ಮೇರಿ ಚರ್ಚಿನ ಗಂಟೆಗಳು ಗೋಪುರದಿಂದ ಕೆಳಗೆ ಬಿದ್ದು ಒಡೆದವು. ಬಿದ್ದ ಜಾಗದಲ್ಲೇ, ಒಡೆದ ಸ್ಥಿತಿಯಲ್ಲೇ ಅವನ್ನು ಇವತ್ತಿಗೂ ಬಿಟ್ಟಿದ್ದಾರೆ. ಆದರೆ ಹೋಲ್ಸ್ಟೆನ್‌ಟೋರ್ ಆ ರಾತ್ರಿ ಉಳಿದುಕೊಂಡಿತು. ವಾಲಿಕೆಗೂ ಯುದ್ಧಕ್ಕೂ ಸಂಬಂಧ ಇಲ್ಲ.

ಈಗ ನೆಲದ ವಿಷಯ. ಲ್ಯೂಬೆಕ್‌ನ ಹಳೇ ಊರು ನೀರಿನ ನಡುವೆ ಇರುವ ಒಂದು ಉದ್ದನೆಯ ದಿಬ್ಬ. ಒಂದು ಕಡೆ ಟ್ರಾವೆ ನದಿ, ಇನ್ನೊಂದು ಕಡೆ ವಾಕೆನಿಟ್ಜ್. ಊರಿಗೆ ನೀರೇ ಕಂದಕ. ಹೋಲ್ಸ್ಟೆನ್‌ಟೋರ್ ಇರುವುದು ಪಡುವಣ ಕಡೆ, ಟ್ರಾವೆ ನದಿಯ ಆಚೆ ದಡದಲ್ಲಿ. ಅಲ್ಲಿನ ನೆಲ ಜೌಗು. ನಮ್ಮಲ್ಲಿ ಕೆರೆ ಅಂಗಳದಲ್ಲಿ ಮನೆ ಕಟ್ಟಿದರೆ ಏನಾಗುತ್ತದೆ ಅಂತ ನಿಮ್ಮ ಅಪ್ಪನಿಗೆ ಹೇಳಿಕೊಡಬೇಕಾಗಿಲ್ಲ. ಭಾರ ಬಿದ್ದ ಹಾಗೆ ಮಣ್ಣಿನೊಳಗಿನ ನೀರು ಮೆಲ್ಲಗೆ ಪಕ್ಕಕ್ಕೆ ಸರಿಯುತ್ತದೆ, ಮಣ್ಣು ಒತ್ತಿಕೊಳ್ಳುತ್ತದೆ, ಕಟ್ಟಡ ಇಳಿಯುತ್ತದೆ. ಎಲ್ಲ ಕಡೆ ಒಂದೇ ಸಮ ಇಳಿದರೆ ತೊಂದರೆ ಕಡಿಮೆ. ಒಂದು ಕಡೆ ಜಾಸ್ತಿ ಇಳಿದರೆ ವಾಲುತ್ತದೆ.

ಇಲ್ಲಿ ಭಾರ ಎಷ್ಟು ಅಂತ ಒಂದು ಲೆಕ್ಕ ನೋಡಿ. ಊರಾಚೆಗೆ ಮುಖ ಮಾಡಿದ ಕಡೆ ಈ ಬಾಗಿಲಿನ ಗೋಡೆ ಮೂರೂವರೆ ಮೀಟರ್ ದಪ್ಪ. ಇಟ್ಟಿಗೆ ಕಟ್ಟಡ ಒಂದು ಘನ ಮೀಟರಿಗೆ ಸುಮಾರು 1,800 ಕಿಲೋ ತೂಗುತ್ತದೆ. ಅಂದರೆ ಒಂದು ಮೀಟರ್ ಉದ್ದದ ಗೋಡೆಯನ್ನು ಒಂದೇ ಒಂದು ಮೀಟರ್ ಎತ್ತರಿಸಿದರೆ ಆರು ಟನ್ನಿಗೂ ಮೇಲೆ. ಇಂಥ ಎರಡು ದುಂಡನೆಯ ಗೋಪುರ, ನಡುವೆ ಅವನ್ನು ಕೂಡಿಸುವ ಎತ್ತರದ ಕಟ್ಟಡ. ಎಲ್ಲವೂ ಜೌಗಿನ ಮೇಲೆ. ದಕ್ಷಿಣದ ಗೋಪುರ ಕಟ್ಟುತ್ತಿರುವಾಗಲೇ ಇಳಿಯಲು ಶುರುವಾಯಿತು. ಮೇಲಿನ ಭಾಗ ಕಟ್ಟುವಾಗ ಆ ವಾಲಿಕೆಯನ್ನು ಸರಿದೂಗಿಸಲು ನೋಡಿದರು. ನೆಲ ಕೇಳಲಿಲ್ಲ.

ಕಟ್ಟಿಸಿದ್ದು ಯಾರು, ಯಾಕೆ? ಇದು ನನಗೆ ತುಂಬಾ ಇಷ್ಟವಾದ ಭಾಗ. 1464ರಲ್ಲಿ ಯೋಹಾನ್ ಬ್ರೋಲಿಂಗ್ ಎಂಬ ನಗರಸಭೆಯ ಸದಸ್ಯರು ಉಯಿಲಿನಲ್ಲಿ ಈ ಬಾಗಿಲಿಗೆಂದು 4,000 ಲ್ಯೂಬೆಕ್ ಮಾರ್ಕ್ ಬಿಟ್ಟುಹೋದರು. ಮಧ್ಯಕಾಲದ ಯುರೋಪಿನಲ್ಲಿ ಸಾಯುವ ಹೊತ್ತಿಗೆ ಚರ್ಚಿಗೆ, ಬಡವರಿಗೆ ಹಣ ಬರೆಯುವುದು ವಾಡಿಕೆ. ಈ ಮನುಷ್ಯ ಊರಬಾಗಿಲಿಗೆ ಬರೆದರು. ಕಟ್ಟಿದವರು ಊರಿನ ಕಟ್ಟಡ ಮುಖ್ಯಸ್ಥ ಹಿನ್ರಿಖ್ ಹೆಲ್ಮ್‌ಸ್ಟೆಡೆ. 1478ರ ಹೊತ್ತಿಗೆ ಕೆಲಸ ಮುಗಿಯಿತು.

ಆ ಹೊತ್ತಿಗೆ ಲ್ಯೂಬೆಕ್ ಎಂಥ ಊರು ಎಂದು ತಿಳಿದರೆ ಈ ಖರ್ಚು ಅರ್ಥವಾಗುತ್ತದೆ. ಉತ್ತರ ಯುರೋಪಿನ ವ್ಯಾಪಾರಿ ಊರುಗಳ ಒಕ್ಕೂಟಕ್ಕೆ ಹಾನ್ಸಾ ಎಂದು ಹೆಸರು. ಅದಕ್ಕೆ ಲ್ಯೂಬೆಕ್ಕೇ ತಲೆ. 1226ರಿಂದ ಅದು ಚಕ್ರವರ್ತಿಯೊಬ್ಬನಿಗೆ ಬಿಟ್ಟರೆ ಬೇರೆ ಯಾವ ಅರಸನಿಗೂ ತಲೆಬಾಗದ ಊರು. ದುಡ್ಡು ಬಂದದ್ದು ಉಪ್ಪು ಮತ್ತು ಮೀನಿನಿಂದ. ದಕ್ಷಿಣದ ಲ್ಯೂನೆಬುರ್ಗ್‌ನಲ್ಲಿ ಉಪ್ಪು ಸಿಗುತ್ತಿತ್ತು. 1398ರಲ್ಲಿ ಕಾಲುವೆ ತೋಡಿದ ಮೇಲೆ ಅದು ದೋಣಿಯಲ್ಲೇ ಲ್ಯೂಬೆಕ್‌ಗೆ ಬರುತ್ತಿತ್ತು. ಇಲ್ಲಿಂದ ಸಮುದ್ರದ ಆಚೆ ಈಗಿನ ಸ್ವೀಡನ್ನಿನ ದಕ್ಷಿಣ ತುದಿಗೆ ಹೋಗಿ, ಹೆರಿಂಗ್ ಮೀನಿಗೆ ಬಿದ್ದು, ಪೀಪಾಯಿಯಲ್ಲಿ ವಾಪಸ್ ಬರುತ್ತಿತ್ತು. ವರ್ಷದಲ್ಲಿ ಎಷ್ಟೋ ದಿನ ಮಾಂಸ ಬಿಡಬೇಕಾದ ಕ್ರಿಶ್ಚಿಯನ್ ಜನಕ್ಕೆ ಆ ಉಪ್ಪುಮೀನೇ ಊಟ. ಬಾಗಿಲಿನ ಪಕ್ಕ ನದಿಗೆ ಅಂಟಿಕೊಂಡು ಆರು ಕಟ್ಟಡಗಳ ಸಾಲು ನೋಡಿರಬೇಕಲ್ವಾ? ಅವು ಉಪ್ಪಿನ ಗೋದಾಮುಗಳು. ಬಾಗಿಲಿಗಿಂತ ಕಿರಿಯವು, 1579ರಿಂದ 1745ರವರೆಗೆ ಒಂದೊಂದಾಗಿ ಕಟ್ಟಿದ್ದು.

ಇನ್ನೊಂದು ಕಾರಣ ಹೆಸರಿನಲ್ಲೇ ಇದೆ. ‘ಟೋರ್’ ಎಂದರೆ ಜರ್ಮನ್ ಭಾಷೆಯಲ್ಲಿ ಬಾಗಿಲು. ಹೋಲ್ಸ್ಟೈನ್ ಕಡೆ ಹೋಗುವ ದಾರಿಯ ಬಾಗಿಲು ಹೋಲ್ಸ್ಟೆನ್‌ಟೋರ್. ಬೆಂಗಳೂರಿನ ಪೇಟೆಯಲ್ಲಿ ಹಲಸೂರಿನ ದಾರಿಗೆ ಇದ್ದ ಬಾಗಿಲು ಹಲಸೂರು ಗೇಟ್ ಆದ ಹಾಗೇ. ದಾರಿ ಎಲ್ಲಿಗೆ ಹೋಗುತ್ತದೋ ಆ ಹೆಸರು. ಬಾಗಿಲಿಗೆ ದುಡ್ಡು ಸಿಕ್ಕ ವರ್ಷಕ್ಕೆ ನಾಲ್ಕೇ ವರ್ಷ ಮೊದಲು, 1460ರಲ್ಲಿ, ಆ ಹೋಲ್ಸ್ಟೈನ್ ಸೀಮೆ ಡೆನ್ಮಾರ್ಕಿನ ರಾಜ ಒಂದನೇ ಕ್ರಿಶ್ಚಿಯನ್ ಕೈಗೆ ಬಂದಿತ್ತು. ಅಂದರೆ ಬಾಗಿಲಾಚೆ ಕಾಲಿಟ್ಟರೆ ಒಬ್ಬ ದೊಡ್ಡ ರಾಜನ ನೆರೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಸಾವಿರ ವರ್ಷದ ಗೋಡೆಗಳನ್ನು ತುರ್ಕರ ಫಿರಂಗಿಗಳು ಒಡೆದಿದ್ದವು. ಆ ಸುದ್ದಿ ಇನ್ನೂ ಹಸಿಯಾಗಿತ್ತು. ಗೋಡೆ ಮೂರೂವರೆ ಮೀಟರ್ ದಪ್ಪ ಯಾಕೆ ಎಂಬುದಕ್ಕೆ ಬೇರೆ ಉತ್ತರ ಹುಡುಕುವುದು ಬೇಡ ಅನಿಸುತ್ತದೆ.

ಈಗ ಬಾಗಿಲಿನ ಎರಡು ಮುಖಗಳನ್ನು ನೋಡಿ. ರೈಲು ನಿಲ್ದಾಣದಿಂದ ನಡೆದು ಬಂದವರು ಮೊದಲು ಕಾಣುವುದು ಊರಾಚೆಯ ಮುಖ. ಎರಡು ಗೋಪುರಗಳು ದುಂಡಗೆ ಮುಂದೆ ಉಬ್ಬಿಕೊಂಡಿವೆ. ಕಿಟಕಿ ಕಡಿಮೆ, ಇರುವವೂ ಚಿಕ್ಕವು. ಫಿರಂಗಿಯ ಕಂಡಿಗಳಿವೆ. ಹಗೆ ಬಂದರೆ ಬರಲಿ ಎಂಬ ಮುಖ. ಒಳಗೆ ಹಾದು ಊರ ಕಡೆಯಿಂದ ತಿರುಗಿ ನೋಡಿದರೆ ಅದೇ ಕಟ್ಟಡವಾ ಅನಿಸುತ್ತದೆ. ಇಲ್ಲಿ ಗೋಪುರಗಳೂ ನಡುವಿನ ಕಟ್ಟಡವೂ ಒಂದೇ ಮಟ್ಟಸ ಗೋಡೆ. ಸಾಲು ಸಾಲು ಕಮಾನುಗಳು, ಕಿಟಕಿಗಳು, ಅಲಂಕಾರ. ಗೋಡೆಯ ದಪ್ಪ ಒಂದು ಮೀಟರಿಗೂ ಕಡಿಮೆ.

ಮನೆಗೆ ಬರುವ ನೆಂಟರಿಗೆ ಕಾಣಲಿ ಎಂದು ನಾವು ಹೊರಬಾಗಿಲಿಗೆ ಸಿಂಗಾರ ಮಾಡುತ್ತೇವೆ. ಇವರು ಒಳಮುಖಕ್ಕೆ ಮಾಡಿದರು. ಹಾಗಾದರೆ ನೋಡಬೇಕಾದವರು ಊರಿನವರೇ. ದಿನಾ ಸಂತೆಗೆ, ಬಂದರಿಗೆ ಓಡಾಡುವ ಜನ ತಮ್ಮ ಊರು ಎಂಥದ್ದು ಅಂತ ನೋಡಿಕೊಳ್ಳಲಿ ಎಂದು. ಒಳಗಡೆ ಗೋಡೆ ತೆಳ್ಳಗಿರುವುದಕ್ಕೆ ಇನ್ನೊಂದು ವಿವರಣೆಯೂ ಇದೆ. ಬಾಗಿಲು ಕಾಯುವ ಸೇನಾಧಿಕಾರಿಯೇ ತಿರುಗಿಬಿದ್ದರೆ, ಊರಿನವರು ಒಳಗಿನಿಂದ ಹೊಡೆದು ಬಾಗಿಲನ್ನು ವಾಪಸ್ ಪಡೆಯಬಹುದು ಅಂತ. ಇದಕ್ಕಿಂತ ನನಗೆ ಖರ್ಚಿನ ಲೆಕ್ಕವೇ ಹತ್ತಿರ ಅನಿಸುತ್ತದೆ. ಗುಂಡು ಬರುವ ಕಡೆ ಇಟ್ಟಿಗೆ ಸುರಿದರು, ಬಾರದ ಕಡೆ ಉಳಿಸಿದರು.

ಇಟ್ಟಿಗೆ ಅಂದೆ ಅಲ್ವಾ, ಅದರ ಬಗ್ಗೆಯೂ ಒಂದು ಮಾತು. ಆ ಬಯಲಿನಲ್ಲಿ ಕಡಿಯಲು ಕಲ್ಲುಬಂಡೆ ಇಲ್ಲ, ಜೇಡಿಮಣ್ಣು ಬೇಕಾದಷ್ಟಿದೆ. ಹಾಗಾಗಿ ಬಾಲ್ಟಿಕ್ ಕಡಲಿನ ಸುತ್ತ ಚರ್ಚು, ನಗರಸಭೆ, ಬಾಗಿಲು ಎಲ್ಲವೂ ಇಟ್ಟಿಗೆಯವೇ. ಕಲ್ಲಿನಲ್ಲಿ ಕೆತ್ತಬೇಕಾದ್ದನ್ನು ಇವರು ಮಣ್ಣಿನಲ್ಲಿ ಅಚ್ಚು ಹಾಕಿ ಸುಟ್ಟರು. ಹೋಲ್ಸ್ಟೆನ್‌ಟೋರ್ ಸುತ್ತ ಸೊಂಟಪಟ್ಟಿಯ ಹಾಗೆ ಎರಡು ಪಟ್ಟಿಗಳು ಹೋಗುತ್ತವೆ, ಗಮನಿಸಿದ್ದೀರಾ? ದೂರದಿಂದ ಸುಮ್ನೆ ಒಂದು ಗೆರೆ ಅನಿಸುತ್ತದೆ. ಹತ್ತಿರ ಹೋಗಿ ಕತ್ತೆತ್ತಿ ನೋಡಿದರೆ ಒಂದೊಂದೂ ಚೌಕದ ಸುಟ್ಟಮಣ್ಣಿನ ಬಿಲ್ಲೆ. ಒಂದು ಬದಿ 55 ಸೆಂಟಿಮೀಟರ್, ನಮ್ಮ ಲೆಕ್ಕದಲ್ಲಿ ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ. ಕೆಲವದರಲ್ಲಿ ನಾಲ್ಕು ಲಿಲ್ಲಿ ಹೂ, ಕೆಲವದರಲ್ಲಿ ಜಾಲಂದ್ರದ ಹೆಣಿಗೆ, ಕೆಲವದರಲ್ಲಿ ಮುಳ್ಳುಗಿಡದ ನಾಲ್ಕು ಎಲೆ. ಮೂರೇ ನಮೂನೆ. ನಡುನಡುವೆ ಲಾಂಛನದ ಬಿಲ್ಲೆ. ಅದರಲ್ಲಿ ಲ್ಯೂಬೆಕ್‌ನ ಹದ್ದು ಇರುತ್ತದೆ, ಇಲ್ಲವೇ ಒಂದು ಮರ. ಇಷ್ಟು ದೊಡ್ಡ ಬಿಲ್ಲೆಯನ್ನು ಸೊಟ್ಟಗಾಗದೆ, ಬಿರುಕು ಬಿಡದೆ ಸುಡುವುದು ಎಷ್ಟು ಕಷ್ಟ ಅಂತ ಭಟ್ಟಿಯ ಕೆಲಸ ಬಲ್ಲವರಿಗೇ ಗೊತ್ತು.

ಈ ಬಾಗಿಲು ಒಂಟಿಯಾಗಿ ಇರಲಿಲ್ಲ. ಆ ದಾರಿಯಲ್ಲಿ ಒಂದರ ಹಿಂದೆ ಒಂದು ನಾಲ್ಕು ಬಾಗಿಲು ಇದ್ದ ಕಾಲವಿತ್ತು. ನದಿಯ ಒಳದಡದಲ್ಲಿ ಎಲ್ಲಕ್ಕಿಂತ ಹಳೇದು, ಆಮೇಲೆ ನೀವು ನೋಡಿದ್ದು, ಅದರ ಮುಂದೆ 1585ರದ್ದು, ಅದಕ್ಕೂ ಮುಂದೆ ಮಣ್ಣಿನ ದಿಬ್ಬದಲ್ಲಿ 1621ರದ್ದು. ಹಾಗಾಗಿ ಹಳೇ ಬರಹಗಳಲ್ಲಿ ನಿಮ್ಮದನ್ನು ‘ನಡುವಿನ’ ಹೋಲ್ಸ್ಟೆನ್‌ಟೋರ್ ಎಂದು ಕರೆಯುತ್ತಾರೆ. 1585ರದ್ದು ಮುಂದೆ ಬಂದ ಮೇಲೆ ಇದರ ಊರಾಚೆಯ ಮುಖ ಹೊರಗಿನವರಿಗೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಮೂವತ್ತು ಫಿರಂಗಿಗೆ ಜಾಗ ಮಾಡಿ ಕಟ್ಟಿದ ಬಾಗಿಲು. ಆದರೆ ಹಗೆಯ ಮೇಲೆ ಇಲ್ಲಿಂದ ಒಂದು ಗುಂಡೂ ಹಾರಿಲ್ಲ. 1806ರಲ್ಲಿ ನೆಪೋಲಿಯನ್ನನ ಸೈನ್ಯ ಊರಿಗೆ ನುಗ್ಗಿದ್ದು ಉತ್ತರದ ಬುರ್ಗ್‌ಟೋರ್ ಕಡೆಯಿಂದ. ಇವತ್ತು ಲ್ಯೂಬೆಕ್‌ನಲ್ಲಿ ಉಳಿದಿರುವ ಹಳೇ ಬಾಗಿಲುಗಳು ಅದೂ ಇದೂ, ಎರಡೇ.

ಉಳಿದವು ಎಲ್ಲಿ ಹೋದವು? ಹತ್ತೊಂಬತ್ತನೇ ಶತಮಾನ ತಿಂದುಹಾಕಿತು. ಆಗ ಯುರೋಪಿನ ಎಲ್ಲ ಕಡೆ ಕೋಟೆ ಗೋಡೆ ಕೆಡವುವುದೇ ಕೆಲಸ. ವಿಯೆನ್ನಾದ ಗೋಡೆ ಕೆಡವಲು ಚಕ್ರವರ್ತಿಯೇ 1857ರಲ್ಲಿ ಆಜ್ಞೆ ಮಾಡಿದ. ಜನರನ್ನು ಬೈಯುವ ಹಾಗಿಲ್ಲ. ರಾತ್ರಿ ಬಾಗಿಲು ಹಾಕಿದ ಮೇಲೆ ಬಂದರೆ ದುಡ್ಡು ಕೊಟ್ಟು ಒಳಗೆ ಬರಬೇಕು. ಲ್ಯೂಬೆಕ್‌ನಲ್ಲಿ ಈ ಪದ್ಧತಿ 1860ರ ದಶಕದವರೆಗೂ ಇತ್ತು. ಕಿರಿದಾದ ಕಮಾನಿನಲ್ಲಿ ಗಾಡಿ ಸಿಕ್ಕಿಕೊಳ್ಳುತ್ತದೆ. ದಿನಾ ಅದರಲ್ಲಿ ಒದ್ದಾಡಿದವರಿಗೆ ಹಳೇ ಬಾಗಿಲಿನ ಮೇಲೆ ಪ್ರೀತಿ ಹುಟ್ಟುವುದು ಕಷ್ಟ.

ಅದರ ಮೇಲೆ ರೈಲು ಬಂತು. 1851ರಲ್ಲಿ ಲ್ಯೂಬೆಕ್‌ನ ಮೊದಲ ರೈಲು ಓಡಿತು. ನಿಲ್ದಾಣ ಕಟ್ಟಿದ್ದು ಸರಿಯಾಗಿ ಈ ಬಾಗಿಲಿನ ಆಚೆ. ಅದಕ್ಕೆ ಜಾಗ ಬೇಕೆಂದು 1585ರ ಬಾಗಿಲನ್ನು 1853ರಲ್ಲಿ ಕೆಡವಿದರು. ಚಿತ್ರಗಳಲ್ಲಿ ನೋಡಿದರೆ ಅದು ತುಂಬಾ ಸೊಗಸಾದ ಬಾಗಿಲು. ನನಗೆ ಇವತ್ತಿಗೂ ಅದರ ಬಗ್ಗೆ ಹೊಟ್ಟೆ ಉರಿಯುತ್ತದೆ. ಎರಡೇ ವರ್ಷಕ್ಕೆ, 1855ರಲ್ಲಿ, 683 ಜನ ಸಹಿ ಹಾಕಿ ನಡುವಿನದನ್ನೂ ಕೆಡವಿ ಎಂದು ಊರನ್ನು ಆಳುವ ಸೆನೆಟ್‌ಗೆ ಅರ್ಜಿ ಕೊಟ್ಟರು. ಆ ಹೊತ್ತಿಗೆ ಅದು ವಾಲಿದ, ಬಣ್ಣಗೆಟ್ಟ, ಯಾರಿಗೂ ಬೇಡದ ಕಟ್ಟಡ. ಯಾವತ್ತೋ ಒಂದು ದಿನ ತಾನೇ ಬೀಳುತ್ತದೆ ಅನ್ನುವ ಹಾಗಿತ್ತು.

ಬೇಡ ಅಂದವರೂ ಇದ್ದರು. ಪ್ರಷ್ಯಾದ ರಾಜ ನಾಲ್ಕನೇ ಫ್ರೀಡ್ರಿಖ್ ವಿಲ್ಹೆಲ್ಮ್ ತನ್ನ ಸ್ಮಾರಕ ಅಧಿಕಾರಿ ಫರ್ಡಿನಾಂಡ್ ಫಾನ್ ಕ್ವಾಸ್ಟ್ ಅವರನ್ನು ಕಳಿಸಿ, ಉಳಿಸಲು ಆಗುವುದನ್ನು ಉಳಿಸಿ ಎಂದ. ಆದರೆ ಲ್ಯೂಬೆಕ್ ಆಗ ತನ್ನದೇ ಸೆನೆಟ್, ತನ್ನದೇ ಸಭೆ ಇದ್ದ ಪ್ರತ್ಯೇಕ ರಾಜ್ಯ. ಪಕ್ಕದ ರಾಜ ಬುದ್ಧಿ ಹೇಳಬಹುದಿತ್ತು, ಅಪ್ಪಣೆ ಮಾಡುವ ಹಾಗಿರಲಿಲ್ಲ. ಕೊನೆಗೆ ತೀರ್ಮಾನ ಊರಿನವರ ಕೈಗೇ ಬಂತು. ವರ್ಷಗಟ್ಟಲೆ ಜಗಳ ಆಯಿತು. 1863ರ ಜೂನ್ 15ರಂದು ನಾಗರಿಕರ ಸಭೆಯಲ್ಲಿ ಮತಕ್ಕೆ ಹಾಕಿದರು. ಕೆಡವುವುದು ಬೇಡ, ದುರಸ್ತಿ ಮಾಡೋಣ ಎಂಬ ಕಡೆಗೆ ಬಂದದ್ದು ಒಂದೇ ಒಂದು ಮತದ ಬಹುಮತ.

ಒಂದು ಮತ! ಆವತ್ತು ಒಬ್ಬ ಸದಸ್ಯ ಮನಸ್ಸು ಬದಲಿಸಿದ್ದರೆ ನಿಮ್ಮ ಅಪ್ಪ ವಾಲಿದ ಗೋಡೆ ನೋಡುವ ಪ್ರಶ್ನೆಯೇ ಇರಲಿಲ್ಲ. ಇನ್ನೊಂದು ಸಂಗತಿ ಹೇಳಲೇಬೇಕು. ಯಾವ ನಿಲ್ದಾಣಕ್ಕಾಗಿ ಈ ಬಾಗಿಲನ್ನು ಕೆಡವಬೇಕು ಅಂದರೋ, ಆ ನಿಲ್ದಾಣ ಈಗ ಅಲ್ಲಿಲ್ಲ. 1908ರಲ್ಲಿ ಅದನ್ನು ಇನ್ನಷ್ಟು ಪಡುವಣಕ್ಕೆ ಒಯ್ದರು. ನೀವು ಹ್ಯಾಂಬರ್ಗ್‌ನಿಂದ ಬಂದು ಇಳಿದದ್ದು ಆ ಹೊಸದರಲ್ಲಿ.

ಈಗ ನಿಮ್ಮ ‘ಎಸ್.ಪಿ.ಕ್ಯೂ.ಎಲ್.’ ವಿಷಯ. ಮತದ ನಂತರ ನಡೆದ ದುರಸ್ತಿ 1871ಕ್ಕೆ ಮುಗಿಯಿತು. ಊರ ಕಡೆಯ ಮುಖದಲ್ಲಿ ಆ ನಾಲ್ಕು ಅಕ್ಷರ, ಒಂದು ಬದಿಗೆ 1477, ಇನ್ನೊಂದು ಬದಿಗೆ 1871 ಎಂದು ಬರೆದದ್ದು ಆಗಲೇ. ರೋಮನ್ನರು ಈ ಊರಿಗೆ ಕಾಲೇ ಇಟ್ಟಿಲ್ಲ. ಜರ್ಮನ್ ಲ್ಯೂಬೆಕ್ ಹುಟ್ಟಿದ್ದೇ ಹನ್ನೆರಡನೇ ಶತಮಾನದಲ್ಲಿ. ರೋಮ್‌ನ ‘ಸೆನೆಟ್ ಮತ್ತು ರೋಮಿನ ಜನ’ ಎಂಬ ಲ್ಯಾಟಿನ್ ಮಾತಿನ ಮೊದಲ ಅಕ್ಷರಗಳನ್ನು ತೆಗೆದುಕೊಂಡು, ರೋಮ್ ಬದಲು ಲ್ಯೂಬೆಕ್ ಹಾಕಿದರು. ‘ಸೆನೆಟ್ ಮತ್ತು ಲ್ಯೂಬೆಕ್‌ನ ಜನ’ ಎಂದು ಅರ್ಥ. ಒಂದು ಮತದಲ್ಲಿ ಬಾಗಿಲು ಉಳಿಸಿದ ಸೆನೆಟ್ ಮತ್ತು ಜನ ತಮ್ಮ ಹೆಸರನ್ನು ಅದರ ಮೇಲೆ ಬರೆದುಕೊಂಡರು ಅಂತ ನಾನು ಓದಿಕೊಳ್ಳುತ್ತೇನೆ. 1477 ಎಂಬುದು ಕಟ್ಟಿ ಮುಗಿದ ವರ್ಷ ಎಂಬ ಅವರ ಲೆಕ್ಕ. ಒಂದು ವರ್ಷ ತಪ್ಪಿದೆ.

ಊರಾಚೆಯ ಮುಖದಲ್ಲಿ ಬಂಗಾರದ ಬಣ್ಣದಲ್ಲಿ ಇನ್ನೊಂದು ಬರಹ ಇದೆ. ‘ಕಾನ್ಕಾರ್ಡಿಯಾ ಡೋಮಿ ಫೋರಿಸ್ ಪಾಕ್ಸ್.’ ಒಳಗೆ ಒಗ್ಗಟ್ಟು, ಹೊರಗೆ ಶಾಂತಿ. ಇದೂ 1871ರದ್ದೇ. ಆದರೆ ಮಾತು ಹಳೇದು. ರೈಲಿಗಾಗಿ ಕೆಡವಿದ ಮುಂದಿನ ಬಾಗಿಲಿನ ಮೇಲೆ ಇದು ಇನ್ನೂ ಉದ್ದವಾಗಿ ಇತ್ತು. ಒಳಗೆ ಒಗ್ಗಟ್ಟು, ಹೊರಗೆ ಶಾಂತಿ ಇರುವುದಕ್ಕಿಂತ ಚೆಂದದ್ದು ಬೇರೆ ಇಲ್ಲ ಎಂಬ ಅರ್ಥದ ಸಾಲು. ಸತ್ತ ಬಾಗಿಲಿನ ಮಾತನ್ನು ಕಿರಿದು ಮಾಡಿ ಉಳಿದ ಬಾಗಿಲಿಗೆ ಕೊಟ್ಟರು.

ಆ ದುರಸ್ತಿಯಲ್ಲಿ ಬದಲಾದದ್ದು ಬರಹ ಮಾತ್ರ ಅಲ್ಲ. ನಾನು ಮೇಲೆ ಹೇಳಿದ ಸುಟ್ಟಮಣ್ಣಿನ ಬಿಲ್ಲೆಗಳಲ್ಲಿ ಹೆಚ್ಚಿನವು ಹೊಸದಾಗಿ ಮಾಡಿ ಕೂಡಿಸಿದವು. ಮಧ್ಯಕಾಲದ ಮೂಲ ಬಿಲ್ಲೆಗಳು ಬೆರಳೆಣಿಕೆಯಷ್ಟು. ಕೆಲವರು ಇದನ್ನು ಕೇಳಿ ಮೋಸ ಹೋದ ಹಾಗೆ ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಮಳೆ, ಹಿಮ ತಿನ್ನುವ ಮುಖಕ್ಕೆ ಹೊಸ ಇಟ್ಟಿಗೆ ಹಾಕಿದರೆ ತಾನೇ ಒಳಗಿನ ಹಳೇ ಗೋಡೆ ಉಳಿಯುವುದು?

ವಾಲಿಕೆಗೆ ನಿಜವಾದ ಮದ್ದು ಆದದ್ದು 1933–34ರಲ್ಲಿ. ಗೋಪುರಗಳು ಇನ್ನಷ್ಟು ವಾಲದ ಹಾಗೆ ಒಳಗಿನಿಂದ ಕಬ್ಬಿಣ, ಕಾಂಕ್ರೀಟಿನ ಬಿಗಿತ ಕೊಟ್ಟರು. ನೆಟ್ಟಗೆ ಮಾಡಲಿಲ್ಲ, ಇದ್ದ ಹಾಗೇ ಹಿಡಿದು ನಿಲ್ಲಿಸಿದರು. ಆ ಕಾಲ ನಾಜಿಗಳದ್ದು. ಒಳಗೆ ತಮ್ಮ ಪ್ರಚಾರಕ್ಕೆ ‘ಕೀರ್ತಿ ಮತ್ತು ಗೌರವದ ಮಂದಿರ’ ಎಂಬ ಹೆಸರಿನಲ್ಲಿ ಪ್ರದರ್ಶನ ಇಟ್ಟರು. ಯುದ್ಧ ಮುಗಿದ ಮೇಲೆ, 1950ರಿಂದ, ಅದು ಊರಿನ ಇತಿಹಾಸದ ಮ್ಯೂಸಿಯಂ. 2005–06ರಲ್ಲಿ ಮತ್ತೊಂದು ದೊಡ್ಡ ದುರಸ್ತಿ ಆಯಿತು. ಬಾಗಿಲಿನ ಕಮಾನಿನಲ್ಲಿ ಮೇಲಿನಿಂದ ಇಳಿಬಿಡುವ ಚೂಪು ತುದಿಯ ತಡೆ ನೋಡಿ ನೀವೆಲ್ಲ ಫೋಟೋ ತೆಗೆಸಿಕೊಂಡಿರಬಹುದು. ಅದು 1934ರಲ್ಲಿ ಹಾಕಿದ್ದು. ಹಳೇ ಕಾಲದಲ್ಲಿ ಅಲ್ಲಿ ಅದು ಇರಲಿಲ್ಲ.

ಕೆಡವಿ ಎಂದು ಅರ್ಜಿ ಹಾಕಿಸಿಕೊಂಡ ಇದೇ ಬಾಗಿಲು ಆಮೇಲೆ ಜರ್ಮನಿಯ 50 ಮಾರ್ಕ್ ನೋಟಿನ ಹಿಂಬದಿಯಲ್ಲಿ ಬಂತು, 2006ರ 2 ಯೂರೋ ನಾಣ್ಯದ ಮೇಲೂ ಬಂತು. ಆ ನಾಣ್ಯ ಇನ್ನೂ ಓಡಾಡುತ್ತಿದೆ, ನಿಮ್ಮ ಚಿಲ್ಲರೆಯಲ್ಲಿ ಹುಡುಕಿ ನೋಡಿ. ಸಿಕ್ಕರೆ ಅಪ್ಪನಿಗೆ ಕಳಿಸಿ.

ಮುಂದಿನ ಸಲ ಅವರನ್ನು ಕರೆದುಕೊಂಡು ಹೋದಾಗ ಒಂದು ಜಾಗ ತೋರಿಸಿ. ಊರಾಚೆಯ ಮುಖದಲ್ಲಿ, ಗೋಪುರದ ಬುಡದಲ್ಲಿ, ಎಲ್ಲಕ್ಕಿಂತ ಕೆಳಗಿನ ಫಿರಂಗಿ ಕಂಡಿಗಳು. ಕಟ್ಟಿದಾಗ ಅವು ನೆಲದಿಂದ ಮೇಲೆ ಇದ್ದವು. ಅಲ್ಲಿಂದ ಗುಂಡು ಹೊಡೆಯಬೇಕಿತ್ತು. ಇವತ್ತು ಅವು ನೆಲಮಟ್ಟಕ್ಕಿಂತ ಸುಮಾರು ಅರ್ಧ ಮೀಟರ್ ಕೆಳಗಿವೆ. ಕಟ್ಟಡ ಇಳಿದಿದೆ, ಸುತ್ತಲಿನ ನೆಲವೂ ಇಷ್ಟು ವರ್ಷದಲ್ಲಿ ಏರಿದೆ. ಪಾಯ ಎಷ್ಟು ಕೂತಿದೆ ಅಂತ ನಿಮ್ಮ ಅಪ್ಪ ಅಲ್ಲಿ ಬಗ್ಗಿ, ಕೈಯಿಟ್ಟೇ ಅಳೆದು ನೋಡಬಹುದು.